ನಾಣ್ಯದ ಕಫ್‌ಲಿಂಕ್: ಮುಖ ನೋಡಿ ಮರುಳಾಗಬೇಡಿ, ಬೆನ್ನು ನೋಡಿ ಕೊಳ್ಳಿ

ಅಂಗಿಯ ತೋಳಿನ ತುದಿಯನ್ನು ಗುಂಡಿಯ ಬದಲು ಹಿಡಿದಿಡುವ ಒಡವೆ ಕಫ್‌ಲಿಂಕ್. ಹಳೆಯ ನಾಣ್ಯಗಳಿಂದ ಕೈಯಲ್ಲೇ ಮಾಡಿದ ಕಫ್‌ಲಿಂಕ್ ಮಾರುವವರು ಫೋಟೊದಲ್ಲಿ ತೋರಿಸುವುದು ಒಂದೇ ಬದಿ. ರಾಜನ ತಲೆಯೋ, ಕಾಡೆಮ್ಮೆಯೋ, ಹುಲಿಯೋ ಅಲ್ಲಿ ಥಳಥಳ ಹೊಳೆಯುತ್ತಿರುತ್ತದೆ. ಅದರ ಬೆನ್ನಿಗೆ ಏನು ಅಂಟಿದೆ, ಹೇಗೆ ಅಂಟಿದೆ ಅನ್ನುವುದು ಕಾಣುವುದೇ ಇಲ್ಲ. ಆದರೆ ಈ ವಸ್ತು ಕೈಕೊಡುವುದು ಬೆನ್ನಿನ ಕಡೆಯಿಂದಲೇ. ನಾಣ್ಯ ಎಂಬತ್ತು ತೊಂಬತ್ತು ವರ್ಷ ಲೆಕ್ಕವಿಲ್ಲದಷ್ಟು ಕೈ ದಾಟಿ ಬಂದಿರುತ್ತದೆ, ಇನ್ನೂ ಅಷ್ಟು ವರ್ಷ ಬಾಳುವ ತಾಕತ್ತು ಅದಕ್ಕಿದೆ. ಅದಕ್ಕೆ ಕಟ್ಟಿದ ಕಡ್ಡಿ ಮತ್ತು ಟಾಗಲ್ ನಾಲ್ಕು ಸಲ ತೊಟ್ಟು ತೆಗೆಯುವಷ್ಟರಲ್ಲಿ ಸೋತುಹೋಗುತ್ತವೆ. ಆದ್ದರಿಂದ ಈ ವಿಮರ್ಶೆಯಲ್ಲಿ ನಾಣ್ಯದ ಅಂದಚಂದಕ್ಕಿಂತ ಹೆಚ್ಚು ಜಾಗ ಅದರ ಬೆನ್ನಿಗೇ ಸಿಕ್ಕಿದೆ.

ಮೊದಲು ಅಂಗಾಂಗಗಳ ಪರಿಚಯ. ಮೇಲೆ ಕಾಣುವುದು ಮುಖ, ಇಲ್ಲಿ ನಾಣ್ಯ. ಅದರಿಂದ ಇಳಿಯುವುದು ಕಡ್ಡಿ. ಕಡ್ಡಿಯ ತುದಿಯಲ್ಲಿ ಕಾಜದ ಆಚೆ ಅಡ್ಡ ನಿಂತು ಹಿಡಿಯುವುದು ಟಾಗಲ್. ಬಂದೂಕಿನ ಗುಂಡಿನ ಆಕಾರದ ಟಾಗಲ್ ಕಡ್ಡಿಯ ಕವಲಿನೊಳಗೆ ತಿರುಗುತ್ತದೆ, ಒಳಗಿನ ಪುಟ್ಟ ಸ್ಪ್ರಿಂಗ್ ಪಟ್ಟಿ ಅದನ್ನು ನೇರ, ಅಡ್ಡ ಎರಡೂ ಸ್ಥಿತಿಯಲ್ಲಿ ಹಿಡಿದಿಡುತ್ತದೆ. ತಿಮಿಂಗಿಲದ ಬಾಲದಂತೆ ಚಪ್ಪಟೆಯಾಗಿ ಮಡಚುವ ಟಾಗಲ್ ಇನ್ನೊಂದು ಬಗೆ. ಇವೆರಡು ಬಿಟ್ಟರೆ, ಅಲ್ಲಾಡುವ ಭಾಗವೇ ಇಲ್ಲದ ಸ್ಥಿರ ಬೆನ್ನು ಮತ್ತು ಎರಡು ನಾಣ್ಯಗಳನ್ನು ಸಣ್ಣ ಸರಪಳಿಯಿಂದ ಜೋಡಿಸಿದ ಹಳೆಯ ಮಾದರಿ. ಕಡ್ಡಿ 15 ಮಿ.ಮೀ.ಗಿಂತ ಗಿಡ್ಡವಾದರೆ ಹಿಂದಕ್ಕೆ ಮಡಚಿ ತೊಡುವ, ಗಟ್ಟಿ ಒಳಪದರವಿರುವ ಡಬಲ್ ಕಫ್‌ನ ನಾಲ್ಕು ಮಡಿಕೆಯನ್ನು ದಾಟಿ ಟಾಗಲ್ ತಿರುಗಿಸಲು ಬೆರಳಿಗೆ ಜಾಗ ಸಿಗುವುದಿಲ್ಲ. 22 ಮಿ.ಮೀ. ಮೀರಿದರೆ ಮುಖ ಬಟ್ಟೆಗೆ ಕೂರದೆ ಜೋಲುತ್ತದೆ. 17ರಿಂದ 20ರ ನಡುವೆ ಇದ್ದರೆ ತಕರಾರಿಲ್ಲ. ಮಾರುವವರು ನಾಣ್ಯದ ವ್ಯಾಸ ಬರೆಯುತ್ತಾರೆ, ಕಡ್ಡಿಯ ಉದ್ದ ಬರೆಯುವುದಿಲ್ಲ, ಕೇಳಿ ಪಡೆಯಬೇಕು.

ಯಾವ ನಾಣ್ಯ ಹೊಂದುತ್ತದೆ

ಅಂಗಿಯ ಕಫ್ ಮೇಲೆ ಒಪ್ಪುವ ಅಳತೆ 16ರಿಂದ 22 ಮಿ.ಮೀ. ಅದಕ್ಕಿಂತ ದೊಡ್ಡದು ಕೋಟಿನ ತೋಳಿಗೆ ತಗಲುತ್ತದೆ. ಅಮೆರಿಕದ ಹತ್ತು ಸೆಂಟಿನ ಮರ್ಕ್ಯುರಿ ಡೈಮ್ (1916ರಿಂದ 1945) 17.9 ಮಿ.ಮೀ., 2.5 ಗ್ರಾಂ, ಶೇ 90 ಬೆಳ್ಳಿ. ಕಫ್‌ಲಿಂಕ್‌ಗೆಂದೇ ಹೊಯ್ದಂತಿದೆ. ಬ್ರಿಟನ್ನಿನ ಆರು ಪೆನ್ನಿ 19.4 ಮಿ.ಮೀ., 2.83 ಗ್ರಾಂ. ರೆನ್ ಹಕ್ಕಿಯಿರುವ ಕಾಲು ಪೆನ್ನಿಯ ಫಾರ್ದಿಂಗ್ (1937ರಿಂದ 1956) 20 ಮಿ.ಮೀ.ನ ಕಂಚು, ಮಾಗಿದ ಕಂದು ಬಣ್ಣಕ್ಕೆ ಅದಕ್ಕೆ ಸಾಟಿಯಿಲ್ಲ. ಐರ್ಲೆಂಡಿನ ಮೊಲದ ಮೂರು ಪೆನ್ನಿ 17.6 ಮಿ.ಮೀ. ಬ್ರಿಟಿಷ್ ಇಂಡಿಯಾದ ಕಾಲು ರೂಪಾಯಿ 19 ಮಿ.ಮೀ., ಐದನೇ ಜಾರ್ಜ್ ಕಾಲದ್ದಾದರೆ 2.92 ಗ್ರಾಂ ತೂಕ, ಶೇ 91.7 ಬೆಳ್ಳಿ. ಅಲೆಯಂಚಿನ ಒಂದಾಣೆ 21ರ ಆಸುಪಾಸು, ಸುಮಾರು 3.9 ಗ್ರಾಂ, ದುಂಡನೆಯ ನಾಣ್ಯಗಳ ನಡುವೆ ಅದರ ಅಂಚೇ ಒಂದು ಒಡವೆ.

ಇದರಾಚೆಗೆ ಹೋದರೆ ತೂಕ ಕಾಡುತ್ತದೆ. ವಾಕಿಂಗ್ ಲಿಬರ್ಟಿ ಅರ್ಧ ಡಾಲರ್ ನೋಡಲು ಎಷ್ಟು ಸೊಗಸಾದರೂ 30.6 ಮಿ.ಮೀ., 12.5 ಗ್ರಾಂ. ಹಳೆಯ ಬೆಳ್ಳಿ ರೂಪಾಯಿ 30.5 ಮಿ.ಮೀ., 11.66 ಗ್ರಾಂ. ಇದಕ್ಕೆ ಕಡ್ಡಿ ಟಾಗಲ್‌ನ ಮೂರು ನಾಲ್ಕು ಗ್ರಾಂ ಸೇರಿದರೆ ಕಫ್ ಕೆಳಗೆ ಜಗ್ಗುತ್ತದೆ, ಕಾಜದ ಹೊಲಿಗೆ ಹಿಗ್ಗುತ್ತದೆ. ರೂಪಾಯಿ ಅಗಲದ ನಾಣ್ಯವನ್ನು ಕಫ್‌ಲಿಂಕ್ ಮಾಡಿ ಮಾರುವವರು ಅದನ್ನು ತಾವೇ ಒಂದು ದಿನ ತೊಟ್ಟು ನೋಡಿಲ್ಲ ಎಂದೇ ಅರ್ಥ. ಬೆಲ್ಟಿನ ಬಕಲ್ ಮಾಡಬಹುದಿತ್ತು.

ಸರಪಳಿಯ ಮಾದರಿಗೆ ಬೇರೆಯೇ ಲೆಕ್ಕ. ಅಲ್ಲಿ ಒಂದು ಬದಿಯ ನಾಣ್ಯವೇ ಕಾಜದೊಳಗಿಂದ ತೂರಿ ಹೋಗಬೇಕು. ಕಾಜದ ಸೀಳು ನಾಣ್ಯದ ವ್ಯಾಸಕ್ಕೆ ಅದರ ದಪ್ಪ ಕೂಡಿಸಿದಷ್ಟಾದರೂ ಇರಬೇಕು. 16 ಮಿ.ಮೀ.ನ ಬೆಳ್ಳಿ ಮೂರು ಪೆನ್ನಿ (1.41 ಗ್ರಾಂ) ಸಲೀಸಾಗಿ ದಾಟುತ್ತದೆ. ಆರು ಪೆನ್ನಿಗೆ ಹೆಚ್ಚಿನ ಅಂಗಿಗಳಲ್ಲಿ ಒತ್ತಾಯ ಮಾಡಬೇಕಾಗುತ್ತದೆ. ನಾಲ್ಕು ಆರು ಪೆನ್ನಿಗಳ ಸರಪಳಿ ಜೋಡಿ ಫೋಟೊದಲ್ಲಿ ರಾಜಗಾಂಭೀರ್ಯದಿಂದ ಕೂತಿರುತ್ತದೆ. ಹೊರಡುವ ಗಡಿಬಿಡಿಯಲ್ಲಿ ಒಂದೇ ಕೈಯಿಂದ ಹಾಕಿಕೊಳ್ಳಲು ಹೋದಾಗ ಅದರ ಗಾಂಭೀರ್ಯ ಗೊತ್ತಾಗುತ್ತದೆ.

ಬೆನ್ನು: ಅಂಟು, ಬೆಸುಗೆ, ಕಟ್ಟು, ರಿವೆಟ್

ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವುದು ಅಂಟಿಸಿದ್ದು. ಎಂಟು ಹತ್ತು ಮಿ.ಮೀ. ಅಗಲದ ಬಿಲ್ಲೆಯಿರುವ ಸಿದ್ಧ ಕಡ್ಡಿ ತಂದು, ಎರಡು ಭಾಗ ಬೆರೆಸಿದ ಎಪಾಕ್ಸಿ ಅಂಟು ಹಚ್ಚಿ, ನಾಣ್ಯದ ಬೆನ್ನಿಗೆ ಒತ್ತಿದರೆ ಮುಗಿಯಿತು. ಇದಕ್ಕೆ ‘ಕೈಕೆಲಸ’ ಎನ್ನುವ ಹೆಸರು ಸ್ವಲ್ಪ ದುಬಾರಿಯೇ. ಎಪಾಕ್ಸಿಯನ್ನು ನೇರಕ್ಕೆ ಎಳೆದರೆ ಅದು ಸುಲಭಕ್ಕೆ ಜಗ್ಗುವುದಿಲ್ಲ. ತೊಡುವಾಗ ಬೀಳುವುದು ನೇರ ಎಳೆತವಲ್ಲ, ಅಡ್ಡ ಒತ್ತಡ. 18 ಮಿ.ಮೀ. ಉದ್ದದ ಕಡ್ಡಿಯ ತುದಿಯನ್ನು ಕಾಜಕ್ಕೆ ತೂರಿಸುವಾಗ ಪಕ್ಕಕ್ಕೆ ಒತ್ತಿದರೆ, 9 ಮಿ.ಮೀ. ಬಿಲ್ಲೆಯ ಅಂಚಿಗೆ ಆ ಬಲ ನಾಲ್ಕು ಪಟ್ಟಾಗಿ ತಗಲುತ್ತದೆ. ಅಂಚಿನ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ಮುಂದಿನ ಪ್ರತಿ ಸಲಕ್ಕೂ ಅದು ಒಳಗೆ ಸರಿಯುತ್ತ ಹೋಗುತ್ತದೆ. ಕೊನೆಗೆ ಒಂದು ದಿನ ನಾಣ್ಯ ಎಲ್ಲೋ ಬಿದ್ದಿರುತ್ತದೆ, ಕಡ್ಡಿ ಮಾತ್ರ ಕಫ್‌ನಲ್ಲಿ ಉಳಿದಿರುತ್ತದೆ.

ಅಂಟನ್ನೂ ಸರಿಯಾಗಿ ಹಾಕುವ ಕ್ರಮವಿದೆ. ನಾಣ್ಯದ ಬೆನ್ನು ಮತ್ತು ಬಿಲ್ಲೆ ಎರಡನ್ನೂ ಅಸಿಟೋನ್‌ನಿಂದ ಒರೆಸಿ ಜಿಡ್ಡು ತೆಗೆಯಬೇಕು, 220 ನಂಬರಿನ ಉಜ್ಜುಕಾಗದದಿಂದ ಗೀಚಿ ಮತ್ತೊಮ್ಮೆ ಒರೆಸಬೇಕು. ಎಪಾಕ್ಸಿಯ ಎರಡೂ ಭಾಗಗಳನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಬೇಕು, ಕಣ್ಣಂದಾಜು ಸಲ್ಲದು. ಅಲುಗದಂತೆ ಇಪ್ಪತ್ನಾಲ್ಕು ಗಂಟೆ ಬಿಡಬೇಕು. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಬೇಗ ಸೋಲುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಇನ್ನೂ ಬೇಗ ಮೆತ್ತಗಾಗುತ್ತದೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಅಂತೂ ಬೇಡವೇ ಬೇಡ. ಅದು ಗಾಜಿನಂತೆ ಪೆಡಸು, ಕಲ್ಲಿನ ನೆಲಕ್ಕೆ ಒಮ್ಮೆ ಬಿದ್ದರೆ ಬಿಟ್ಟುಕೊಳ್ಳುತ್ತದೆ. ಅದರ ಆವಿ ನಾಣ್ಯದ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ ಬೇರೆ. ಕೊಂಡ ಜೋಡಿಯಲ್ಲಿ ಬಿಲ್ಲೆಯ ಸುತ್ತ ಅಂಥ ಬಿಳಿ ಮಬ್ಬು ಕಂಡರೆ ಏನು ಬಳಸಿದ್ದಾರೆ ಎಂದು ಕೇಳುವ ಅಗತ್ಯವಿಲ್ಲ.

ಬೆಸುಗೆಯಲ್ಲಿ ಎರಡು ಬಗೆ. ಮಾರುವವರು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಮೆದು ಬೆಸುಗೆ ತವರದ್ದು: ಸೀಸ ಬೆರೆತ 63/37 (ತವರ 63, ಸೀಸ 37 ಪಾಲು) ಆದರೆ 183 ಡಿಗ್ರಿ ಸೆಲ್ಸಿಯಸ್‌ಗೆ, ಸೀಸವಿಲ್ಲದ ತವರ-ಬೆಳ್ಳಿ ಆದರೆ 221 ಡಿಗ್ರಿಗೆ ಕರಗುತ್ತದೆ. ನಾಣ್ಯದ ಬಣ್ಣಕ್ಕೆ ಅಷ್ಟೇನೂ ಪೆಟ್ಟಿಲ್ಲ, ಹಿಡಿತವೂ ಅಂಟಿಗಿಂತ ಮೇಲು. ಗಟ್ಟಿ ಬೆಸುಗೆ ಬೆಳ್ಳಿಯದು, ಸುಮಾರು 650ರಿಂದ 750 ಡಿಗ್ರಿ ಬೇಕು. ಹಿಡಿದರೆ ನಾಣ್ಯಕ್ಕೂ ಕಡ್ಡಿಗೂ ಭೇದವೇ ಇರುವುದಿಲ್ಲ. ಆದರೆ ಶೇ 90 ಬೆಳ್ಳಿಯ ನಾಣ್ಯ 779 ಡಿಗ್ರಿಗೇ ಕರಗತೊಡಗುತ್ತದೆ. ಬೆಸುಗೆ ಹರಿಯುವುದಕ್ಕೂ ನಾಣ್ಯದ ಅಂಚು ಕುಸಿಯುವುದಕ್ಕೂ ನಡುವೆ ಕೆಲವೊಮ್ಮೆ ಮೂವತ್ತು ಡಿಗ್ರಿಯ ಅಂತರವೂ ಉಳಿಯುವುದಿಲ್ಲ. ಪಳಗಿದ ಅಕ್ಕಸಾಲಿಗ ಕಡಿಮೆ ಶಾಖಕ್ಕೆ ಹರಿಯುವ ಬೆಸುಗೆಯನ್ನೇ ಆರಿಸುತ್ತಾನೆ, ಜ್ವಾಲೆಯನ್ನು ಕಡ್ಡಿಗೆ ತೋರಿಸದೆ ನಾಣ್ಯದ ಮೈಯನ್ನೆಲ್ಲ ಸಮನಾಗಿ ಕಾಯಿಸುತ್ತಾನೆ. ಕಾರಣ ಸರಳ: ತೆಳುವಾದ ಕಡ್ಡಿ ಬೇಗ ಕಾಯುತ್ತದೆ, ಬೆಸುಗೆ ಬಿಸಿಯಿದ್ದ ಕಡೆಗೆ ಓಡುತ್ತದೆ. ಆತುರ ಮಾಡಿದರೆ ಬೆಸುಗೆಯೆಲ್ಲ ಕಡ್ಡಿಯನ್ನೇರಿ ಕೂತು, ಬುಡ ಒಣಗಿಯೇ ಉಳಿಯುತ್ತದೆ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ಈ ಬುಡವನ್ನೇ ನೋಡಬೇಕು. ಒಳ್ಳೆಯ ಬೆಸುಗೆ ಕಡ್ಡಿಯ ಸುತ್ತ ತೆಳ್ಳಗೆ, ಒಳಬಾಗಿದ ಇಳಿಜಾರಾಗಿ, ಎಲ್ಲೂ ತುಂಡಾಗದೆ ಹರಿದಿರುತ್ತದೆ. ಕೆಟ್ಟದ್ದು ಹೊರಗೆ ಉಬ್ಬಿದ ಹನಿಯಂತೆ ಕೂತಿರುತ್ತದೆ. ಉಬ್ಬಿದ್ದರೆ ಅದು ಒಳಗೆ ನೆನೆದಿಲ್ಲ, ಮೇಲೆ ಕೂತಿದೆ ಅಷ್ಟೆ. ಸೂಜಿಮೊನೆಯ ತೂತುಗಳು ಕಂಡರೆ ಒಳಗೆ ಬೆಸುಗೆ ಹರಿಯಲೆಂದು ಹಚ್ಚಿದ ಬಿಳಿಗಾರ ಸಿಕ್ಕಿಕೊಂಡಿದೆ. ಕೆಲವು ತಿಂಗಳಲ್ಲಿ ಅಲ್ಲಿಂದಲೇ ಹಸಿರು ಕಿಲುಬು ಒಸರುತ್ತದೆ, ಬಿಳಿ ಅಂಗಿಯ ಕಫ್ ಮೇಲೆ ಗುರುತು ಬಿಡುತ್ತದೆ. ಕಡ್ಡಿ ನಾಣ್ಯದ ನಟ್ಟನಡುವೆ ಇದೆಯೇ ಎಂದು ಕ್ಯಾಲಿಪರ್‌ನಿಂದ ನಾಲ್ಕು ಕಡೆ ಅಳೆಯಿರಿ. ಅರ್ಧ ಮಿ.ಮೀ. ಆಚೀಚೆ ನಡೆಯುತ್ತದೆ. ಒಂದು ಮಿ.ಮೀ. ತಪ್ಪಿದರೆ ನಾಣ್ಯ ಒಂದು ಪಕ್ಕಕ್ಕೆ ವಾಲಿ, ಬಿಡುವಿದ್ದಾಗಲೆಲ್ಲ ಅದೇ ಪಕ್ಕಕ್ಕೆ ತಿರುಗುತ್ತದೆ.

ಟಾಗಲ್ ವಿಷಯದಲ್ಲಿ ಒಂದು ಗುಟ್ಟು. ಅದರೊಳಗಿನ ಸ್ಪ್ರಿಂಗ್ ಹದ ಕೊಟ್ಟ ಉಕ್ಕು. ಕೆಂಪಗೆ ಕಾದರೆ ಅದರ ಬಿಗಿ ಹೋಗುತ್ತದೆ. ಹಾಗಾಗಿ ಗಟ್ಟಿ ಬೆಸುಗೆ ಹಾಕುವವರು ಬರೀ ಕಡ್ಡಿಯನ್ನು ಮೊದಲು ಬೆಸೆದು, ತೊಳೆದು, ಒಪ್ಪ ಹಾಕಿ, ಎಲ್ಲ ಮುಗಿದ ಮೇಲೆ ಟಾಗಲನ್ನು ಸಣ್ಣ ಆಣಿಯಿಂದ ರಿವೆಟ್ ಮಾಡುತ್ತಾರೆ. ಸೋಮಾರಿಗಳು ಟಾಗಲ್ ಸಮೇತ ಕಾಯಿಸುತ್ತಾರೆ. ಪರೀಕ್ಷೆ ಸುಲಭ: ಟಾಗಲ್ ತಿರುಗಿಸಿದಾಗ ‘ಟಿಕ್’ ಎಂದು ಕೂರಬೇಕು, ಕಡ್ಡಿಗೆ ನೇರವಾಗಿಟ್ಟು ಅಲುಗಿಸಿದರೂ ತಾನಾಗಿ ಬೀಳಬಾರದು. ಗಾಳಿಪಟದ ಬಾಲದಂತೆ ಅಲ್ಲಾಡಿದರೆ ಸ್ಪ್ರಿಂಗ್ ಸತ್ತಿದೆ. ಜೋಡಿಯಲ್ಲಿ ಒಂದು ಬಿಗಿ ಒಂದು ಸಡಿಲ ಇರುವುದೂ ಉಂಟು, ಆದ್ದರಿಂದ ಎರಡನ್ನೂ ನೋಡಬೇಕು.

ಎಲ್ಲ ನಾಣ್ಯವೂ ಬೆಸುಗೆಗೆ ಒಗ್ಗುವುದಿಲ್ಲ. ಕಂಚು ಮತ್ತು ತಾಮ್ರ-ನಿಕಲ್ ಮಿಶ್ರಣ ನಿಶ್ಚಿಂತೆ. ಅಮೆರಿಕದ ಒಂದು ಸೆಂಟಿನಲ್ಲಿ 1982 ಗಡಿ: ಆ ವರ್ಷದ ನಡುವೆ ಶೇ 95 ತಾಮ್ರದಿಂದ, ಮೇಲೆ ತೆಳು ತಾಮ್ರ ಲೇಪಿಸಿದ ಶೇ 97.5 ಸತುವಿಗೆ ಬದಲಾಯಿತು. ಸತು 419 ಡಿಗ್ರಿಗೆ ಕರಗುತ್ತದೆ, ಅಂದರೆ ಗಟ್ಟಿ ಬೆಸುಗೆಯ ಕೆಳಗೆ ನಾಣ್ಯವೇ ಕೊಚ್ಚೆಯಾಗುತ್ತದೆ. ಉಜ್ಜುಕಾಗದ ತಾಗಿಸಿದರೂ ತಾಮ್ರ ಸವೆದು ಬೂದು ಸತು ಕಾಣುತ್ತದೆ. ತಕ್ಕಡಿ ಇದ್ದರೆ ಗೊಂದಲವಿಲ್ಲ: ಹಳೆಯದು 3.11 ಗ್ರಾಂ, ಹೊಸದು 2.5. ಯುದ್ಧಕಾಲದ 1943ರ ಉಕ್ಕಿನ ಸೆಂಟಿಗೆ ಸತುವಿನ ಲೇಪವಿದೆ. ಆಮ್ಲ ತಾಗಿದರೆ ಲೇಪ ಹೋಗಿ, ಆಮೇಲೆ ತುಕ್ಕು. ಅಲ್ಯೂಮಿನಿಯಂ ನಾಣ್ಯಗಳು, ಉದಾಹರಣೆಗೆ ಚೌಕಾಕಾರದ ಐದು ಪೈಸೆ, ಹಗುರವಾಗಿ ಮುದ್ದಾಗಿವೆ; ಆದರೆ ಮೇಲ್ಮೈಯ ಆಕ್ಸೈಡ್ ಪೊರೆಯಿಂದಾಗಿ ಮಾಮೂಲಿ ಬೆಸುಗೆ ಹಿಡಿಯುವುದೇ ಇಲ್ಲ. ಘೇಂಡಾಮೃಗದ ಇಪ್ಪತ್ತೈದು ಪೈಸೆ (19 ಮಿ.ಮೀ., 2.83 ಗ್ರಾಂ) ಸ್ಟೇನ್‌ಲೆಸ್ ಸ್ಟೀಲ್, ಅದಕ್ಕೆ ವಿಶೇಷ ಆಮ್ಲದ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ರಾಸಾಯನಿಕ) ಅಥವಾ ಲೇಸರ್ ವೆಲ್ಡಿಂಗ್ ಬೇಕು. ಇಂಥವನ್ನು ಕಟ್ಟಿನಲ್ಲಿ, ಅಂದರೆ ಸುತ್ತ ಲೋಹದ ಬಳೆ ಹಾಕಿ, ಕೂರಿಸುವುದೇ ಜಾಣತನ.

ಗಟ್ಟಿ ಬೆಸುಗೆಯ ಇನ್ನೊಂದು ಬೆಲೆ ನಾಣ್ಯದ ಮೈಬಣ್ಣ. ಕಾದ ಬೆಳ್ಳಿಯನ್ನು ಆಮ್ಲದಲ್ಲಿ ಅದ್ದಿ ತೆಗೆದಾಗ ಮೇಲಿನ ತಾಮ್ರವೆಲ್ಲ ಕರಗಿ, ಸುಣ್ಣ ಬಳಿದ ಗೋಡೆಯಂತೆ ಬಿಳಿಚಿಕೊಳ್ಳುತ್ತದೆ. ದಶಕಗಳ ಬೂದು, ನೀಲಿ, ಜೇನುಬಣ್ಣ ಒಂದೇ ಏಟಿಗೆ ಮಾಯ. ಆಮೇಲೆ ಗಂಧಕದ ದ್ರಾವಣದಲ್ಲಿ ಕಪ್ಪಾಗಿಸಿ, ಉಬ್ಬಿದ ಭಾಗವನ್ನಷ್ಟೇ ಉಜ್ಜಿ ಚಿತ್ರ ಎದ್ದು ಕಾಣುವಂತೆ ಮಾಡುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಅದನ್ನು ‘ಮೂಲ ಪುರಾತನ ಬಣ್ಣ’ ಎಂದು ಮಾರುವುದು ಮಾತ್ರ ಸುಳ್ಳು. ತಗ್ಗುಗಳಲ್ಲೆಲ್ಲ ಒಂದೇ ಸಮನಾದ ಮಸಿಕಪ್ಪು ಇದ್ದರೆ ಅದು ಕೈಯಿಂದ ಬಂದ ಬಣ್ಣ. ಕಾಲ ಕೊಟ್ಟ ಬಣ್ಣ ಅಂಚಿನಿಂದ ನಡುವಿಗೆ ಛಾಯೆ ಬದಲಿಸುತ್ತ ಹೋಗುತ್ತದೆ.

ಕಟ್ಟಿನ ಮಾದರಿಗೆ ಬರೋಣ. ಹರಳು ಕಟ್ಟಿದ ಹಾಗೆ ನಾಣ್ಯದ ಸುತ್ತ ಲೋಹದ ಬಳೆ, ಬಳೆಯ ಬೆನ್ನಿಗೆ ಬೆಸೆದ ಕಡ್ಡಿ. ನಾಣ್ಯಕ್ಕೆ ಬೆಂಕಿ ತಾಗುವುದಿಲ್ಲ, ಅಂಟು ತಾಗುವುದಿಲ್ಲ. ಬೇಕಾದಾಗ ಹೊರತೆಗೆದು ಮತ್ತೆ ಸಂಗ್ರಹಕ್ಕೆ ಸೇರಿಸಬಹುದು. ನಾಣ್ಯ ಚೆನ್ನಾಗಿದೆ, ಆದರೂ ತೊಡಬೇಕು ಅನ್ನುವವರಿಗೆ ಇದೊಂದೇ ದಾರಿ. ಆದರೆ ಇಲ್ಲಿ ಅಳತೆಯೇ ಎಲ್ಲ. ಬಳೆಯ ತುಟಿ ನಾಣ್ಯದ ಅಂಚುಗೆರೆಯ ಮೇಲಷ್ಟೇ ಕೂರಬೇಕು, ಒಂದು ಮಿ.ಮೀ. ಒಳಗೆ ಬಂದರೆ ಅಕ್ಷರಗಳ ತಲೆ ಹಾರುತ್ತದೆ. ಸವೆದ ಆರು ಪೆನ್ನಿ ಹೊಸದಕ್ಕಿಂತ ತೆಳುವಾಗಿರುತ್ತದೆ, ಹೊಸ ನಾಣ್ಯದ ಅಳತೆಗೆ ಮಾಡಿದ ಬಳೆಯಲ್ಲಿ ಗೆಜ್ಜೆಯಂತೆ ಸದ್ದು ಮಾಡುತ್ತದೆ. ಹಿಂದೆ ಆಮ್ಲರಹಿತ ಕಾಗದದ ಒಂದು ಬಿಲ್ಲೆ ಇಟ್ಟರೆ ಸದ್ದು ನಿಲ್ಲುತ್ತದೆ. ಒಂದು ಹನಿ ಅಂಟು ಹಾಕಿ ಸುಮ್ಮನಾಗಿಸಿದ್ದರೆ ಕಟ್ಟಿನ ಉದ್ದೇಶವೇ ಹಾಳು. ಅಲುಗಾಡಿಸಿ ಕೇಳಿ, ಆಮೇಲೆ ಹಿಂಬದಿಯಿಂದ ಇಣುಕಿ ನೋಡಿ.

ಕಟ್ಟಿನಲ್ಲೂ ತಿರುಪಿನ ಬಳೆ, ಮಡಚುವ ನಾಲಗೆ, ಪೂರ್ತಿ ತಿಕ್ಕಿ ಮುಚ್ಚಿದ ಅಂಚು ಎಂದು ಮೂರು ತರಹ. ಹಿಂದಿನಿಂದ ನಾಲ್ಕು ನಾಲಗೆ ಮಡಚುವುದು ಸರಳ, ಆದರೆ ನಾಲಗೆಗಳನ್ನು ಪದೇಪದೇ ಎತ್ತಿ ಮಡಚಿದರೆ ಬುಡದಲ್ಲಿ ಮುರಿಯುತ್ತವೆ. ಉಕ್ಕಿನ ಇಕ್ಕುಳ ಬಳಸಿದ್ದರೆ ನಾಣ್ಯದ ಅಂಚಿನ ಗೀರುಹಲ್ಲು ಜಜ್ಜಿರುತ್ತದೆ. ಮರದ ಅಥವಾ ನೈಲಾನ್ ತುದಿಯ ಉಪಕರಣ ಬಳಸಬೇಕು. ರೋಮನ್ ಕಾಲದಂಥ ಪ್ರಾಚೀನ ಬೆಳ್ಳಿ ನಾಣ್ಯವನ್ನು ಕಟ್ಟಿಗೆ ಬಿಗಿಯಲೇಬೇಡಿ. ಶತಮಾನಗಳಲ್ಲಿ ಒಳಗಿನ ಹರಳುರಚನೆ ಬದಲಾಗಿ ಅದು ಬಿಸ್ಕತ್ತಿನಂತೆ ಪೆಡಸಾಗಿರಬಹುದು.

ಇನ್ನು ರಿವೆಟ್. ಇದು ನಡುವೆ ತೂತಿರುವ ನಾಣ್ಯಗಳಿಗೆ ಮಾತ್ರ ಸಲ್ಲುವ, ಆದರೆ ಇಡೀ ಪಟ್ಟಿಯಲ್ಲಿ ಅತ್ಯಂತ ಚೆಂದದ ಉಪಾಯ. ಬ್ರಿಟಿಷ್ ಇಂಡಿಯಾದ ತೂತಿನ ಒಂದು ಪೈಸೆ (1943ರಿಂದ 1947), ಜಪಾನಿನ 5 ಯೆನ್ (22 ಮಿ.ಮೀ., ತೂತು 5 ಮಿ.ಮೀ.), 50 ಯೆನ್ (21 ಮಿ.ಮೀ., ತೂತು 4 ಮಿ.ಮೀ.) ಇದಕ್ಕೆ ಹೇಳಿಮಾಡಿಸಿದಂಥವು. ಮೇಲಿಂದ ಚಪ್ಪಟೆ ತಲೆಯ ಕೊಳವೆ, ಕೆಳಗಿಂದ ಭುಜವಿರುವ ಕಡ್ಡಿ, ನಡುವೆ ತೆಳು ವಾಷರ್; ಕೊಳವೆಯ ತುದಿಯನ್ನು ಅರಳಿಸಿದರೆ ನಾಣ್ಯ ಸಿಕ್ಕಿಕೊಳ್ಳುತ್ತದೆ. ಬಿಸಿಯಿಲ್ಲ, ಅಂಟಿಲ್ಲ, ಕಡ್ಡಿ ತಾನಾಗಿಯೇ ನಟ್ಟನಡುವೆ. ತಪ್ಪುವುದು ಒಂದೇ ಕಡೆ: ವಾಷರ್ ಇಲ್ಲದೆ ಬಡಿದರೆ ತೂತಿನ ಸುತ್ತ ನಾಣ್ಯ ತಗ್ಗಾಗುತ್ತದೆ, ಸಡಿಲ ಬಡಿದರೆ ನಾಣ್ಯ ಚಕ್ರದಂತೆ ತಿರುಗುತ್ತದೆ. ತಿರುಗಿದರೂ ನೋಡುವವರಿಗೆ ಅಷ್ಟು ಗೊತ್ತಾಗುವುದಿಲ್ಲ, ಅದು ತೂತಿನ ನಾಣ್ಯದ ಭಾಗ್ಯ.

ಕೊರೆದದ್ದು, ಬಣ್ಣ ತುಂಬಿದ್ದು

ಚಿತ್ರವನ್ನಷ್ಟೇ ಉಳಿಸಿ ಹಿನ್ನೆಲೆಯನ್ನು ಗರಗಸದಿಂದ ಕೊರೆದು ತೆಗೆದ ನಾಣ್ಯಗಳಲ್ಲಿ ಕೈಕೆಲಸ ನಿಜಕ್ಕೂ ಕಾಣುತ್ತದೆ. ಪುಟ್ಟ ತೂತು ಕೊರೆದು, ಅದರೊಳಗೆ ಕೂದಲಿನಂಥ ಅಲಗು ತೂರಿಸಿ ಕತ್ತರಿಸುತ್ತಾರೆ. ಅಲಗಿನ ಕನಿಷ್ಠ ಮೂರು ಹಲ್ಲು ಸದಾ ಲೋಹದೊಳಗೆ ಇರಬೇಕು ಎನ್ನುವುದು ಗರಗಸದವರ ನಿಯಮ. 1.35 ಮಿ.ಮೀ. ದಪ್ಪದ ಡೈಮ್‌ಗೆ 4/0 ನಂಬರಿನ ಅಲಗು ಸರಿಹೊಂದುತ್ತದೆ, ಸವೆದು ತೆಳುವಾದದ್ದಕ್ಕೆ ಇನ್ನೂ ಸಣ್ಣ ಹಲ್ಲಿನ 6/0. ಅಲಗು ಒರಟಾದರೆ ಸಿಕ್ಕಿಕೊಂಡು ಕುದುರೆಯ ಕಾಲೋ ಹಕ್ಕಿಯ ಕೊಕ್ಕೋ ತುಂಡಾಗುತ್ತದೆ. ಭೂತಗನ್ನಡಿಯಲ್ಲಿ ಕೊರೆದ ಒಳಗೋಡೆ ನೋಡಿ: ಮೇಲಿಂದ ಕೆಳಕ್ಕೆ ನೇರವಾಗಿದ್ದು, ಅಂಚು ಚೂಪಾಗಿರದೆ ಒಮ್ಮೆ ಸವರಿದಂತಿರಬೇಕು. ಬೆರಳಿಗೆ ಚುಚ್ಚಿದರೆ ಅದು ಕಫ್‌ನ ಎಳೆಯನ್ನೂ ಎಳೆಯುತ್ತದೆ. ಲೇಸರಿನಿಂದ ಕತ್ತರಿಸಿ ‘ಕೈಗರಗಸ’ ಎಂದು ಮಾರುವುದೂ ಇದೆ. ಲೇಸರಿನ ಗೋಡೆಯಲ್ಲಿ ಸಮಾನಾಂತರ ಸಣ್ಣ ಗೆರೆಗಳೂ ಸುಟ್ಟ ಬಣ್ಣವೂ ಕಾಣುತ್ತವೆ.

ಬಣ್ಣ ತುಂಬಿದವುಗಳಲ್ಲಿ ‘ಎನಾಮಲ್’ ಎಂಬ ಮಾತನ್ನು ಜರಡಿ ಹಿಡಿಯಬೇಕು. ಗಾಜಿನ ಎನಾಮಲ್ ಬೇಯಲು 750ರಿಂದ 850 ಡಿಗ್ರಿ ಬೇಕು, ಶೇ 90 ಬೆಳ್ಳಿ ಅಷ್ಟು ಹೊತ್ತಿಗೆ ಕರಗುವ ಹಾದಿ ಹಿಡಿದಿರುತ್ತದೆ. ಹಾಗಾಗಿ ಈಗ ಸಿಗುವವುಗಳಲ್ಲಿ ಹೆಚ್ಚಿನವು ಬಣ್ಣ ಬೆರೆಸಿದ ರಾಳ. ತಪ್ಪೇನಲ್ಲ, ಹೇಳಿ ಮಾರಬೇಕಷ್ಟೆ. ಕಾಣದ ಮೂಲೆಯಲ್ಲಿ ಸೂಜಿಯ ಮೊನೆ ಒತ್ತಿದರೆ ರಾಳಕ್ಕೆ ಗುರುತು ಬೀಳುತ್ತದೆ, ಗಾಜಿಗೆ ಬೀಳುವುದಿಲ್ಲ. ರಾಳ ಬಿಸಿಲಿಗೆ ಹಳದಿಯಾಗುತ್ತದೆ.

ಬೆಳ್ಳಿಯೋ ಅಲ್ಲವೋ, ಜೋಡಿಯೋ ಅಲ್ಲವೋ

ಅತಿ ಹೆಚ್ಚು ಮೋಸ, ಅಥವಾ ಸೌಮ್ಯವಾಗಿ ಹೇಳುವುದಾದರೆ ಅಜ್ಞಾನ, ‘ಬೆಳ್ಳಿ ನಾಣ್ಯ’ ಎಂಬ ಎರಡು ಪದದಲ್ಲಿದೆ. ಆರು ಪೆನ್ನಿ 1920ಕ್ಕೆ ಮೊದಲು ಶೇ 92.5 ಬೆಳ್ಳಿ, 1920ರಲ್ಲಿ ಅದನ್ನು ಶೇ 50ಕ್ಕೆ ಇಳಿಸಿದರು, 1947ರಿಂದ ಬೆಳ್ಳಿಯೇ ಇಲ್ಲ, ಬರೀ ತಾಮ್ರ-ನಿಕಲ್. 1955ರ ಆರು ಪೆನ್ನಿಯನ್ನು ಬೆಳ್ಳಿ ಎಂದು ಬರೆದಿದ್ದರೆ ಉಳಿದ ವಿವರಗಳನ್ನೂ ನಂಬಬೇಡಿ. 1946 ಮತ್ತು 1947ರ ಹುಲಿ ಚಿತ್ರದ ಕಾಲು ರೂಪಾಯಿ ನಿಕಲ್. ಬೆಳ್ಳಿಯೆಂದು ಕೊಟ್ಟರೆ ಆಯಸ್ಕಾಂತ ಹಿಡಿಯಿರಿ, ಹಾರಿ ಅಂಟಿಕೊಳ್ಳುತ್ತದೆ. ಕಡ್ಡಿ ಬೆಸೆದ ಮೇಲೆ ನಾಣ್ಯವನ್ನು ಬೇರೆಯಾಗಿ ತೂಗಲು ಆಗುವುದಿಲ್ಲ ಅನ್ನುವುದು ನಕಲಿಗಳಿಗೆ ಅನುಕೂಲ. ಅದಕ್ಕೇ ಅರ್ಧ ಸಾವರಿನ್‌ನಂಥ ಚಿನ್ನದ ನಾಣ್ಯದ (19.3 ಮಿ.ಮೀ., 3.99 ಗ್ರಾಂ) ಕಫ್‌ಲಿಂಕ್ ಕೊಳ್ಳುವುದಾದರೆ ಕಟ್ಟಿನದ್ದೇ ಕೊಳ್ಳಿ, ಬಿಚ್ಚಿ ತೂಗಿ ನೋಡಬಹುದು. ನಾಣ್ಯ ಬೆಳ್ಳಿಯಾದರೂ ಟಾಗಲ್ ಹೊಳಪು ಲೇಪಿಸಿದ ಹಿತ್ತಾಳೆ ಇರುವುದೇ ಹೆಚ್ಚು. ಟಾಗಲ್ ಮೇಲೆ 925 (ಶೇ 92.5 ಬೆಳ್ಳಿ) ಮುದ್ರೆ ಇಲ್ಲದಿದ್ದರೆ ‘ಪೂರ್ತಿ ಬೆಳ್ಳಿ’ ಎಂಬ ಮಾತು ನಾಣ್ಯಕ್ಕಷ್ಟೇ ಅನ್ವಯ. ಲೇಪ ಮೊದಲು ಹೋಗುವುದು ಆಣಿಯ ಸುತ್ತ, ಅಲ್ಲೇ ನೋಡಿ.

ಅಮೆರಿಕದ ಐದು ಸೆಂಟಿನ ನಾಣ್ಯ ಬಫಲೊ ನಿಕಲ್ (1913ರಿಂದ 1938, 21.2 ಮಿ.ಮೀ., 5 ಗ್ರಾಂ) ಕಫ್‌ಲಿಂಕ್ ಮಾಡುವವರ ಅಚ್ಚುಮೆಚ್ಚು, ಅದಕ್ಕೊಂದು ಕಾರಣವಿದೆ. ಅದರ ಇಸವಿಯನ್ನು ಉಬ್ಬಿದ ಜಾಗದಲ್ಲಿ ಮುದ್ರಿಸಿದ್ದರಿಂದ ಮೊದಲು ಸವೆಯುವುದೇ ಇಸವಿ. ಇಸವಿ ಅಳಿಸಿಹೋದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೇಡಿಕೆಯಿಲ್ಲ, ಚಿತ್ರ ಮಾತ್ರ ಇನ್ನೂ ಗಟ್ಟಿಮುಟ್ಟು. ಬೆಸುಗೆಗೆ ಒಪ್ಪಿಸಲು ಇಂಥ ನಾಣ್ಯವೇ ಯೋಗ್ಯ, ಯಾರ ಮನಸ್ಸೂ ನೋಯುವುದಿಲ್ಲ. ಕೆಲವರು ಇಸವಿಯ ಜಾಗಕ್ಕೆ ಫೆರಿಕ್ ಕ್ಲೋರೈಡ್ ಹಚ್ಚಿ ಅಂಕಿಗಳನ್ನು ಮೇಲೆಬ್ಬಿಸುತ್ತಾರೆ. ಅಂಕಿ ಬರುತ್ತದೆ, ಜೊತೆಗೆ ಒರಟು ಕಲೆಯೂ ಬರುತ್ತದೆ. ತದ್ವಿರುದ್ಧವಾಗಿ, 1916ರ ಡೆನ್ವರ್ ಟಂಕಸಾಲೆಯ ಮರ್ಕ್ಯುರಿ ಡೈಮ್ ಅಚ್ಚಾದದ್ದೇ 2,64,000. ಅದನ್ನು ಕಫ್‌ಲಿಂಕ್ ಮಾಡಿದ್ದೇವೆ ಎಂದು ಯಾರಾದರೂ ಹೇಳಿದರೆ ಅವರು ಒಂದೋ ನಾಣ್ಯ ಕೊಂದಿದ್ದಾರೆ, ಇಲ್ಲವೇ ಸುಳ್ಳು ಹೇಳುತ್ತಿದ್ದಾರೆ.

ಜೋಡಿ ಎಂದರೆ ಒಂದೇ ಇಸವಿಯ ಎರಡು ನಾಣ್ಯ ಎಂದಷ್ಟೇ ಮಾರುವವರು ತಿಳಿದಿರುತ್ತಾರೆ. ಕಣ್ಣಿಗೆ ಕಾಣುವುದು ಇಸವಿಯಲ್ಲ, ಸವೆತ ಮತ್ತು ಬಣ್ಣ. ಒಂದರಲ್ಲಿ ಕೂದಲೆಳೆ ಸ್ಪಷ್ಟ, ಇನ್ನೊಂದರಲ್ಲಿ ತಲೆ ಬೋಳು ಎಂದಾದರೆ ಇಸವಿ ಒಂದೇ ಆಗಿ ಪ್ರಯೋಜನವಿಲ್ಲ. ಇನ್ನೊಂದು ಸೂಕ್ಷ್ಮ: ಟಾಗಲ್ ಕಾಜದ ಸೀಳಿಗೆ ಅಡ್ಡವಾಗಿ ಕೂರುತ್ತದೆ, ನಾಣ್ಯ ಅದರ ಜೊತೆಗೇ ನಿಲ್ಲುತ್ತದೆ. ಆದ್ದರಿಂದ ಟಾಗಲ್‌ಗೂ ಚಿತ್ರದ ನೆತ್ತಿಗೂ ಇರುವ ಕೋನ ಎರಡರಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಬಲಗೈ ರಾಜ ನಿಂತಿರುತ್ತಾನೆ, ಎಡಗೈ ರಾಜ ಮಲಗಿರುತ್ತಾನೆ. ಎರಡು ತಲೆಗಳು ಪರಸ್ಪರ ನೋಡಬೇಕೆಂದರೆ ಒಂದೇ ಬಗೆಯ ಎರಡು ನಾಣ್ಯದಿಂದ ಸಾಧ್ಯವಿಲ್ಲ. ಬ್ರಿಟಿಷ್ ನಾಣ್ಯಗಳಲ್ಲಿ ಆರನೇ ಜಾರ್ಜ್ ಎಡಕ್ಕೆ, ಎರಡನೇ ಎಲಿಜಬೆತ್ ಬಲಕ್ಕೆ ನೋಡುತ್ತಾರೆ. ಅಪ್ಪ ಮಗಳ ಈ ಜೋಡಿ ಎದುರುಬದುರು ಕೂತು ಒಪ್ಪುತ್ತದೆ, ಎರಡೂ ತಾಮ್ರ-ನಿಕಲ್ ಕಾಲದ್ದನ್ನು ಆರಿಸಿದರೆ ಬಣ್ಣವೂ ಹೊಂದುತ್ತದೆ.

ಕಾನೂನಿನ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ಅಮೆರಿಕದಲ್ಲಿ ವಂಚನೆಯ ಉದ್ದೇಶದಿಂದ ನಾಣ್ಯ ತಿದ್ದುವುದು ಅಪರಾಧ, ಒಡವೆಗೆ ತೊಂದರೆಯಿಲ್ಲ. ಜಪಾನಿನಲ್ಲಿ ಚಲಾವಣೆಯ ನಾಣ್ಯವನ್ನು ಹಾಳುಗೆಡವುವುದೇ ಅಪರಾಧ, 1947ರ ಕಾಯ್ದೆ. ಯೆನ್ ನಾಣ್ಯಕ್ಕೆ ರಿವೆಟ್ ಹಾಕುವವರು ತೂತು ಹಿಗ್ಗಿಸಬಾರದು. ಭಾರತದ 2011ರ ನಾಣ್ಯ ಕಾಯ್ದೆ ಚಲಾವಣೆಯ ನಾಣ್ಯವನ್ನು ಕರಗಿಸುವುದನ್ನೂ ನಾಶಮಾಡುವುದನ್ನೂ, ವಿನಿಮಯವಲ್ಲದ ಬೇರೆ ಕೆಲಸಕ್ಕೆ ಬಳಸುವುದನ್ನೂ ನಿಷೇಧಿಸುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಸಣ್ಣವು 2011ರ ಜೂನ್ ಅಂತ್ಯಕ್ಕೆ ಚಲಾವಣೆಯಿಂದ ಹೋದವು. ಘೇಂಡಾಮೃಗ ಸುರಕ್ಷಿತ, ಜೇಬಿನಲ್ಲಿರುವ ರೂಪಾಯಿ ಅಲ್ಲ.

ಆರೈಕೆ, ರಿಪೇರಿ

ಅಂಗಿ ಇಸ್ತ್ರಿಗೆ ಹೋಗುವ ಮೊದಲು ತೆಗೆಯಿರಿ. ಬೆಳ್ಳಿಯನ್ನು ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆಯ ಹತ್ತಿರ ಇಡಬೇಡಿ, ಅವುಗಳ ಗಂಧಕದಿಂದ ಕಪ್ಪಾಗುತ್ತದೆ. ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟರೆ ಹಸಿರು ಜಿಗುಟು ಹತ್ತುತ್ತದೆ, ಪಾಲಿಥೀನ್ ಪರವಾಗಿಲ್ಲ. ನಾಣ್ಯವನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ, ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಬೇಡಿ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು, ಬ್ರಷ್ ಏನಿದ್ದರೂ ಟಾಗಲ್‌ನ ಸಂದಿಗೆ. ಅಂಟಿಸಿದ್ದು ಮತ್ತು ರಾಳದ್ದು ಅಲ್ಟ್ರಾಸಾನಿಕ್ ಯಂತ್ರಕ್ಕೆ ಹೋಗಬಾರದು.

ಅಂಟು ಬಿಟ್ಟರೆ ಹಳೆಯ ಎಪಾಕ್ಸಿಯನ್ನು ಪೂರ್ತಿ ತೆಗೆಯದೆ ಮೇಲೆ ಮತ್ತೆ ಹಚ್ಚಬೇಡಿ, ಹೊಸದು ಹಳೆಯದರ ಜೊತೆಗೇ ಕಳಚುತ್ತದೆ. ಕಟ್ಟಿನ ನಾಲಗೆ ಒಂದು ಮುರಿದರೆ ಉಳಿದ ಮೂರು ತಾತ್ಕಾಲಿಕ, ಬಳೆಯನ್ನೇ ಬದಲಿಸಿ. ಬೆಸುಗೆ ಬಿಟ್ಟ ಬೆಳ್ಳಿ ನಾಣ್ಯವನ್ನು ಅಕ್ಕಸಾಲಿಗನ ಬಳಿ ಒಯ್ದಾಗ, ಮೊದಲು ಹಾಕಿದ್ದು ತವರದ ಬೆಸುಗೆಯೇ ಎಂದು ಪತ್ತೆಮಾಡಿ ಮುಂಚೆಯೇ ಹೇಳಿ. ಬೂದುಬಣ್ಣಕ್ಕಿದ್ದು ಚಾಕುವಿನ ಮೊನೆಗೆ ಸುಲಭವಾಗಿ ಗೀರಿದರೆ ಅದು ತವರದ್ದು. ಅದರ ಒಂದು ಚೂರು ಉಳಿದಿದ್ದರೂ ಗಟ್ಟಿ ಬೆಸುಗೆಯ ಶಾಖಕ್ಕೆ ತವರ, ಸೀಸ ಬೆಳ್ಳಿಯೊಳಗೆ ಇಳಿದು ನಾಣ್ಯವನ್ನು ಗುಳಿಗುಳಿಯಾಗಿ ತಿನ್ನುತ್ತವೆ. ಕೆರೆದು, ಅರ ಹಾಕಿ ಹೊಳೆಯುವ ಲೋಹ ಕಂಡ ಮೇಲೆಯೇ ಜ್ವಾಲೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಮತ್ತೆ ತವರವನ್ನೇ ಹಾಕಿಸಿ.